ಆಸ್ಟರ್: ಕೈಗುಣವೋ, ಕಾಲಗುಣವೋ?

ಹೂಗಿಡಗಳ ವಿಷಯದಲ್ಲಿ ‘ಕೈಗುಣ’ವೆಂಬ ಮಾತು ಕನ್ನಡ ನಾಡಿನ ಮನೆಮನೆಗಳಲ್ಲಿಯೂ ಕೇಳಿಬರುತ್ತದೆ. ಒಬ್ಬರು ಹಾದಿಯಲ್ಲಿ ಮುರಿದು ತಂದು ಊರಿದ ಕಡ್ಡಿ ಚಿಗುರುತ್ತದೆ. ಇನ್ನೊಬ್ಬರು ಅಕ್ಕರೆಯಿಂದ ನೀರೆರೆದ ಸಸಿ ವಾರದೊಳಗೆ ಬಾಡುತ್ತದೆ. ಮೊದಲನೆಯವರಿಗೆ ಹೊಗಳಿಕೆ, ಎರಡನೆಯವರಿಗೆ ಮೂದಲಿಕೆ. ಹೊಸದಾಗಿ ಮನೆ ತುಂಬಿದ ಸೊಸೆಯು ನೆಟ್ಟ ಗಿಡ ಸತ್ತುಹೋದರೆ ಆ ಮೂದಲಿಕೆಯು ಗಿಡದ ಮಟ್ಟಿಗೇ ನಿಲ್ಲುವುದೂ ಇಲ್ಲ. ಕರಾವಳಿಯ ಅಂಗಳಗಳಲ್ಲಿ ಇಂಥ ಅಪವಾದವನ್ನು ತರಬಲ್ಲ ಗಿಡಗಳ ಪೈಕಿ ಆಸ್ಟರ್ ಒಂದು. ದೀಪಾವಳಿಯ ಹೊತ್ತಿಗೆ ನೇರಿಳೆ, ನೀಲಿ, ಬಿಳಿ ಹೂಗಳಿಂದ ತುಂಬಿ ಮನೆಗೆ ಬಂದ ಕುಂಡವು ಮುಂದಿನ ಆಟಿ ತಿಂಗಳಲ್ಲಿ ಕೊಳೆತ ಬುಡವೊಂದನ್ನು ಉಳಿಸಿ ಮಾಯವಾಗುತ್ತದೆ. ‘ಬಹುವಾರ್ಷಿಕ’ವೆಂದು ಹೇಳಿ ಮಾರಿದ ಗಿಡಕ್ಕೆ ಒಂದು ವರ್ಷವೂ ತುಂಬಿರುವುದಿಲ್ಲ. ಇದರಲ್ಲಿ ಕೈಯ ತಪ್ಪೆಷ್ಟು, ಕಾಲದ ತಪ್ಪೆಷ್ಟು ಎಂಬುದನ್ನು ವಿಚಾರಿಸಿ ನೋಡುವುದು ಉಚಿತ.

ನೇತ್ರಾವತಿಯ ಸೇತುವೆಯನ್ನು ದಾಟಿ ಮಂಗಳೂರಿನಿಂದ ತೆಂಕಣಕ್ಕೆ ಹೊರಟವರಿಗೆ ಎದುರಾಗುವ ಪೇಟೆ ತೊಕ್ಕೊಟ್ಟು. ಅಲ್ಲಿಂದ ಪಡುವಣಕ್ಕೆ ಉಳ್ಳಾಲದ ಕಡಲು. ಮೂಡಣಕ್ಕೆ ದೇರಳಕಟ್ಟೆ, ಕೊಣಾಜೆಗಳ ಮುರಕಲ್ಲಿನ ಗುಡ್ಡಗಳು. ಕಡಲ ಬದಿಯ ಹಿತ್ತಿಲಲ್ಲಿ ನೀರು ನಿಲ್ಲದ ಹೊಯಿಗೆ. ಗುಡ್ಡದ ಬದಿಯ ಹಿತ್ತಿಲಲ್ಲಿ ಒಂದು ಮೊಳ ಅಗೆದರೆ ಹಾರೆಗೆ ತಗಲುವ ಕೆಂಪುಕಲ್ಲು. ಎರಡರ ಮೇಲೆಯೂ ಬೀಳುವ ಮಳೆ ಮಾತ್ರ ಒಂದೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ತನಕದ ನಾಲ್ಕು ತಿಂಗಳಲ್ಲಿ. ಬೆಂಗಳೂರಿನಲ್ಲಿ ವರ್ಷವಿಡೀ ಸುರಿಯುವಷ್ಟು ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವುದುಂಟು. ತಂಪು ದೇಶಗಳಿಗಾಗಿ ಬರೆದ ಪುಸ್ತಕಗಳಲ್ಲಿ ಆಸ್ಟರನ್ನು ಹಿಮದಿಂದ ಕಾಪಾಡುವ ವಿಧಾನವಿರುತ್ತದೆ. ತೊಕ್ಕೊಟ್ಟಿನ ಗೃಹಿಣಿಗೆ ಬೇಕಾದುದು ಆ ವಿದ್ಯೆಯಲ್ಲ. ಮಳೆಗಾಲವನ್ನು ದಾಟಿಸುವ ವಿದ್ಯೆ.

ಒಂದು ಹೆಸರು, ಎರಡು ಗಿಡ

ಮೊದಲನೆಯ ಗೊಂದಲವು ಹೆಸರಿನಿಂದಲೇ ಹುಟ್ಟುತ್ತದೆ. ಬೀಜದ ಅಂಗಡಿಯಲ್ಲಿ ‘ಆಸ್ಟರ್’ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವುದು ಚೀನೀ ಆಸ್ಟರಿನ ಬೀಜ. ಇದರ ಶಾಸ್ತ್ರೀಯ ನಾಮ ಕ್ಯಾಲಿಸ್ಟೆಫಸ್ ಚೈನೆನ್ಸಿಸ್. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳ ಸುತ್ತಿನ ರೈತರು ಎಕರೆಗಟ್ಟಲೆ ಬೆಳೆದು ಪೇಟೆಗೆ ಕಳುಹಿಸುವ ಹೂವು ಇದೇ. 1967ರಲ್ಲಿ ಆರಂಭವಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಇದರಲ್ಲಿ ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಶನ್ ಎಂಬ ತಳಿಗಳನ್ನು ಕೊಟ್ಟಿದೆ. ಬೀಜ ಬಿತ್ತಿ, ತಿಂಗಳ ಸಸಿಯನ್ನು ಕಿತ್ತು ನೆಟ್ಟು, ಮೂರು ನಾಲ್ಕು ತಿಂಗಳಲ್ಲಿ ಹೂ ಕೊಯ್ಯಬಹುದು. ಆದರೆ ಇದು ಏಕವಾರ್ಷಿಕ. ಒಮ್ಮೆ ಹೂ ಬಿಟ್ಟು ಬೀಜ ಕಟ್ಟಿದ ಮೇಲೆ ಸಾಯುವುದು ಅದರ ಜನ್ಮಧರ್ಮ. ಅದು ಸತ್ತುದಕ್ಕೆ ಯಾರೂ ಕೊರಗಬೇಕಾಗಿಲ್ಲ. ಯಾರ ಕೈಯನ್ನೂ ಹಳಿಯಬೇಕಾಗಿಲ್ಲ.

ಬಹುವಾರ್ಷಿಕ ಆಸ್ಟರಿನ ಮಾತು ಬೇರೆ. ಅದರ ಕಾಂಡ ಒಣಗಿದರೂ ಬುಡ ಜೀವಂತವಾಗಿರುತ್ತದೆ. ನೆಲದೊಳಗೆ ಹರಿದ ಬೇರುಕಾಂಡಗಳಿಂದ ಹೊಸ ಮರಿಗಳು ಏಳುತ್ತವೆ. ಹೂವಿನಂಗಡಿಗಳಲ್ಲಿ ಗುಲಾಬಿಯ ಗುಚ್ಛದ ನಡುವೆ ತುಂಬುಹೂವಾಗಿ ಇಡುವ, ‘ಡೈಸಿ’ ಎಂದು ಕರೆಯುವ ಪುಟ್ಟ ನೀಲಿ, ಬಿಳಿ ಹೂಗಳು ಈ ವರ್ಗದವು. ಇವುಗಳಲ್ಲಿ ಮುಖ್ಯವಾದ ಒಂದು ಜಾತಿ ಅಮೆರಿಕದ ಅಟ್ಲಾಂಟಿಕ್ ಕರಾವಳಿಯದು. ನ್ಯೂಯಾರ್ಕ್ ಇನ್ನೂ ಡಚ್ಚರ ವಸಾಹತಾಗಿದ್ದ ಕಾಲದ ಲ್ಯಾಟಿನ್ ಹೆಸರು ಅದಕ್ಕೆ ಅಂಟಿಕೊಂಡು, ಅದು ‘ನೊವಿ-ಬೆಲ್ಜಿ’ ಎನಿಸಿದೆ. 1994ರಲ್ಲಿ ಸಸ್ಯವಿಜ್ಞಾನಿಗಳು ಅಮೆರಿಕದ ಆಸ್ಟರುಗಳನ್ನು ‘ಸಿಂಫಿಯೋಟ್ರೈಕಮ್’ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಆದರೆ ತೋಟಗಾರರ ನಾಲಿಗೆಯ ಮೇಲೆ ಅದು ಇಂದಿಗೂ ಆಸ್ಟರೇ. ಆ ಗ್ರೀಕ್ ಪದಕ್ಕೆ ‘ನಕ್ಷತ್ರ’ವೆಂದು ಅರ್ಥ.

ಈ ಗಿಡವು ಯುರೋಪಿಗೆ ಹೋಗಿ ಅಲ್ಲಿ ಇನ್ನೊಂದು ಹೆಸರನ್ನು ಪಡೆಯಿತು. ಸೆಪ್ಟೆಂಬರ್ 29 ಸಂತ ಮಿಕಾಯೇಲರ ಹಬ್ಬ. ಆ ದಿನದ ಸುಮಾರಿಗೆ, ಬೇರೆ ಹೂಗಳೆಲ್ಲ ಮುಗಿದ ಮೇಲೆ ಅರಳುವುದರಿಂದ ಇಂಗ್ಲೆಂಡಿನವರು ಇದನ್ನು ‘ಮೈಕೆಲ್ಮಸ್ ಡೈಸಿ’ ಎಂದರು. ಅರ್ನೆಸ್ಟ್ ಬ್ಯಾಲರ್ಡ್ ಎಂಬವರು 1906ರಲ್ಲಿ ಕಾಲ್ವಾಲ್ ಎಂಬ ಊರಿನಲ್ಲಿ ಸ್ಥಾಪಿಸಿದ ಸಸ್ಯಾಗಾರವು ಈ ಹೂವಿಗಾಗಿಯೇ ಹೆಸರಾಯಿತು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿಯೂ ಸೆಪ್ಟೆಂಬರ್ ಹೂವಿನ ತಿಂಗಳೇ. 8ನೆಯ ತಾರೀಕಿನ ಮೊಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿ ಹಿಡಿದು ಹೂ ಕೊಯ್ದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಅದೇ ಸೋಣ ತಿಂಗಳಲ್ಲಿ ನೆರೆಯ ಹಿಂದೂ ಮನೆಗಳಲ್ಲಿ ಹೊಸ್ತಿಲ ಪೂಜೆಗಾಗಿ ಹೂ ಹುಡುಕುತ್ತಾರೆ. ಮಳೆ ಇಳಿಯುವ ಆ ಹೊತ್ತಿಗೆ ಅಂಗಳದಲ್ಲಿ ಒಂದು ಹೂಗಿಡವಿರಬೇಕೆಂಬ ಆಸೆ ಈ ಊರಿಗೆ ಹೊಸದಲ್ಲ.

ಅಂಗಳದಲ್ಲಿರುವ ಬಂಧುಗಳು

ಆಸ್ಟರ್ ಪರದೇಶದ್ದಾದರೂ ಅದರ ಬಳಗ ಪರಕೀಯವಲ್ಲ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ, ಡೇರೆ ಇವೆಲ್ಲ ಅದೇ ಕುಟುಂಬದವು. ತಲೆಗೂದಲಿನ ಎಣ್ಣೆಗೆ ಹಾಕುವ ಗರುಗ, ಬೇಲಿಯ ಬುಡದಲ್ಲಿ ತಾನಾಗಿ ಹುಟ್ಟಿ ಪುಟ್ಟ ನೇರಿಳೆ ಹೂ ಬಿಡುವ ಸಹದೇವಿ ಕೂಡ ಇದರ ದಾಯಾದಿಗಳೇ. ಈ ಕುಟುಂಬದಲ್ಲಿ ‘ಹೂವು’ ಎಂದು ಕಾಣುವುದು ನಿಜವಾಗಿ ಒಂದು ಹೂವಲ್ಲ. ಅನೇಕ ಕಿರುಹೂಗಳು ಒಂದೇ ತಟ್ಟೆಯ ಮೇಲೆ ಕೂಡಿರುವ ಸಂಸಾರ. ಆಸ್ಟರಿನಲ್ಲಿ ನಡುವಿನ ಹಳದಿ ಬಿಲ್ಲೆಯ ಒಂದೊಂದು ಚುಕ್ಕೆಯೂ ಒಂದು ಹೂವು. ಸುತ್ತಲಿನ ಒಂದೊಂದು ಎಸಳೂ ಇನ್ನೊಂದು ಹೂವು.

ಈ ಬಂಧುಗಳ ಪೈಕಿ ಡೇರೆಯು ಒಂದು ಪಾಠವನ್ನು ಹೇಳಿಕೊಡುತ್ತದೆ. ಮೆಕ್ಸಿಕೋ ದೇಶದಿಂದ ಬಂದ ಈ ಹೂವನ್ನು ಮಲೆನಾಡಿನ ಹೆಂಗಸರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಹೂವಿನ ಕಾಲ ಮುಗಿದ ಮೇಲೆ ಗೆಡ್ಡೆಯನ್ನು ಜೋಪಾನ ಮಾಡಿ, ಮಳೆ ಹಿಡಿಯುವ ಹೊತ್ತಿಗೆ ಮತ್ತೆ ನೆಟ್ಟು, ಮಿಕ್ಕುದನ್ನು ತವರಿಗೂ ನೆರೆಮನೆಗೂ ಹಂಚುತ್ತಾರೆ. ತನ್ನಷ್ಟಕ್ಕೆ ಬಿಟ್ಟಿದ್ದರೆ ಆ ಗಿಡ ಅಲ್ಲಿ ಎಷ್ಟೋ ಮನೆಗಳಲ್ಲಿ ಎಂದೋ ಅಳಿದುಹೋಗುತ್ತಿತ್ತು. ಅದನ್ನು ಬಹುವಾರ್ಷಿಕವಾಗಿ ಮಾಡಿದುದು ಗೆಡ್ಡೆ ಮಾತ್ರವಲ್ಲ, ಅದನ್ನು ಕಾದಿಟ್ಟ ಮನೆಯವರ ನೆನಪು. ಕರಾವಳಿಯಲ್ಲಿ ಆಸ್ಟರನ್ನು ಬೆಳೆಸಬೇಕೆನ್ನುವವರು ಅನುಸರಿಸತಕ್ಕ ಮಾರ್ಗವೂ ಇದೇ.

ಹಿಂದೆಂದೂ ಈ ಬಗೆಯ ಗಿಡವನ್ನು ಬೆಳೆಸದವರು ಮೊದಲು ಸೇವಂತಿಗೆಯಿಂದ ಆರಂಭಿಸುವುದು ಕ್ಷೇಮ. ಬುಡದಿಂದ ಮರಿ ಹೊಡೆಯುವುದು, ನಿಂತ ನೀರಿಗೆ ಅಂಜುವುದು, ಇರುಳು ನೀಳವಾದಾಗ ಮೊಗ್ಗಾಗುವುದು, ಈ ಮೂರರಲ್ಲಿಯೂ ಅದು ಆಸ್ಟರಿನ ಅಕ್ಕ. ಆದರೆ ಸೆಕೆಯನ್ನು ಆಸ್ಟರಿಗಿಂತ ಹೆಚ್ಚು ತಾಳುತ್ತದೆ. ಒಂದು ಮಳೆಗಾಲ ಸೇವಂತಿಗೆಯನ್ನು ಉಳಿಸಿಕೊಂಡವರು ಮರುವರ್ಷ ಆಸ್ಟರನ್ನು ಧೈರ್ಯವಾಗಿ ತರಬಹುದು.

ಬೆಳಕಿನ ಲೆಕ್ಕ

ಮಳೆಯನ್ನು ತಾಳಿ ಉಳಿದ ಗಿಡವೂ ಕೆಲವೊಮ್ಮೆ ಹೂ ಬಿಡುವುದಿಲ್ಲ. ಎಲೆ ಹಸಿರಾಗಿದೆ, ಬುಡ ಗಟ್ಟಿಯಾಗಿದೆ, ಗೊಬ್ಬರ ಸಾಕಷ್ಟಿದೆ, ಆದರೂ ಮೊಗ್ಗಿಲ್ಲ. ಇದಕ್ಕೆ ಕಾರಣವನ್ನು ಗಿಡದ ಬುಡದಲ್ಲಿ ಹುಡುಕಿ ಫಲವಿಲ್ಲ. ತಲೆಯೆತ್ತಿ ಜಗಲಿಯ ದೀಪವನ್ನು ನೋಡಬೇಕು.

ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಅವರೆಗಳ ಮೇಲೆ ಪ್ರಯೋಗ ನಡೆಸಿ, ಹಗಲಿನ ಉದ್ದವೇ ಅನೇಕ ಗಿಡಗಳಿಗೆ ಹೂವಿನ ಕಾಲವನ್ನು ತಿಳಿಸುತ್ತದೆಯೆಂದು 1920ರಲ್ಲಿ ಪ್ರಕಟಿಸಿದರು. ಶರತ್ಕಾಲದ ಆಸ್ಟರ್ ಈ ನಿಯಮಕ್ಕೆ ಒಳಪಟ್ಟ ಗಿಡ. ಕಾಂಡ ನೀಳವಾಗಿ ಬೆಳೆಯಲು ಅದಕ್ಕೆ ಉದ್ದನೆಯ ಹಗಲು ಬೇಕು. ಮೊಗ್ಗು ಕಟ್ಟಲು ಗಿಡ್ಡ ಹಗಲು ಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗಳಷ್ಟಿರುತ್ತದೆ. ಡಿಸೆಂಬರಿನಲ್ಲಿ ಎಂಟು ಗಂಟೆಯೂ ಇರುವುದಿಲ್ಲ. ಅಲ್ಲಿ ಬೇಸಗೆಯಲ್ಲಿ ನಾಲ್ಕಡಿ ಎತ್ತರಕ್ಕೆ ಬೆಳೆದು, ಹಗಲು ಕುಗ್ಗಿದಾಗ ಮೈತುಂಬ ಹೂ ಬಿಡುವುದು ಗಿಡಕ್ಕೆ ಸಹಜ. ಮಂಗಳೂರಿನಲ್ಲಿಯಾದರೋ ಅತಿ ದೀರ್ಘವಾದ ಹಗಲು ಹದಿಮೂರು ಗಂಟೆಗಿಂತ ಕಡಮೆ. ಅತಿ ಗಿಡ್ಡವಾದ ಹಗಲು ಹನ್ನೊಂದೂಕಾಲು ಗಂಟೆಗಿಂತ ಹೆಚ್ಚು. ಇಷ್ಟೇ ವ್ಯತ್ಯಾಸ. ಆದುದರಿಂದ ಇಲ್ಲಿ ಆಸ್ಟರ್ ಕಾಂಡವನ್ನು ಬೆಳೆಸದೆ ನೆಲಕ್ಕೆ ಅಂಟಿದ ಎಲೆಗಳ ಚಕ್ರವಾಗಿಯೇ ಕುಳಿತಿರುವುದುಂಟು. ಇಲ್ಲವೆ ಗೇಣೆತ್ತರಕ್ಕೇ ನಾಲ್ಕು ಹೂ ಬಿಟ್ಟು ಸುಮ್ಮನಾಗುವುದುಂಟು.

ವ್ಯಾಪಾರಕ್ಕಾಗಿ ಬೆಳೆಯುವವರು ಈ ತೊಡಕನ್ನು ದೀಪದಿಂದ ಬಿಡಿಸಿಕೊಂಡಿದ್ದಾರೆ. ಎಳೆಯ ಗಿಡಗಳ ಮೇಲೆ ರಾತ್ರಿ ಕೆಲವು ಗಂಟೆ ದೀಪವುರಿಸಿ ಹಗಲನ್ನು ಹದಿನಾರು ಗಂಟೆಯವರೆಗೆ ಹಿಗ್ಗಿಸುತ್ತಾರೆ; ಕಾಂಡ ಎದ್ದ ಮೇಲೆ ದೀಪವನ್ನು ನಿಲ್ಲಿಸುತ್ತಾರೆ. ಮನೆಯಲ್ಲಿ ಇದಕ್ಕೆ ಬೇರೆ ಸಲಕರಣೆ ಬೇಡ. ಮರಿಗಳು ಬೇರೂರಿದ ಬಳಿಕ ಐದಾರು ವಾರಗಳ ಕಾಲ ಕುಂಡಗಳನ್ನು ಜಗಲಿಯ ದೀಪದ ಕೆಳಗಿಟ್ಟು, ಸಂಜೆಯಿಂದ ನಾಲ್ಕು ಗಂಟೆ ಬೆಳಕು ಬೀಳುವಂತೆ ಮಾಡಿದರೆ ಸಾಕು. ದೀಪವು ಮಾಡಿನ ಒಳಗೇ ಇರಬೇಕು. ಮಳೆನೀರು ತಗಲುವಲ್ಲಿ ತಂತಿ ಎಳೆಯುವುದು ಅಪಾಯ. ಕಾಂಡವು ಒಂದಡಿಯಷ್ಟಾದೊಡನೆ ಕುಂಡಗಳನ್ನು ಕತ್ತಲೆಯಿರುವ ಕಡೆಗೆ ಸರಿಸಬೇಕು. ಇದನ್ನು ಮರೆಯುವುದರಿಂದಲೇ ಕೇಡು. ಹೆದ್ದಾರಿಯ ದೀಪವೋ ಗೇಟಿನ ದೀಪವೋ ರಾತ್ರಿಯಿಡೀ ಬೀಳುವ ಮೂಲೆಯಲ್ಲಿ ಉಳಿದ ಗಿಡಕ್ಕೆ ಶರತ್ಕಾಲವು ಬಂದುದೇ ತಿಳಿಯುವುದಿಲ್ಲ. ಅದೇ ಮರಿಯನ್ನು ಕತ್ತಲೆಯ ಹಿತ್ತಿಲಲ್ಲಿಟ್ಟ ನೆರೆಮನೆಯಲ್ಲಿ ಹೂ ತುಂಬಿದಾಗ, ಈ ಮನೆಯವರು ಕೈಗುಣದ ಮಾತೆತ್ತುತ್ತಾರೆ. ಸೇವಂತಿಗೆಗೂ ಇದೇ ನ್ಯಾಯ. ಬೀದಿದೀಪದ ಕೆಳಗಿನ ಸೇವಂತಿಗೆ ತಡವಾಗಿ ಅರಳುವುದನ್ನು ಯಾರು ಬೇಕಾದರೂ ನೋಡಬಹುದು.

ಮಣ್ಣು ಮತ್ತು ಕುಂಡ

ಕರಾವಳಿಯಲ್ಲಿ ಈ ಗಿಡವನ್ನು ನೆಲದಲ್ಲಿ ನೆಟ್ಟು ಮರೆಯುವಂತಿಲ್ಲ. ಎತ್ತಿ ಸರಿಸಲು ಬರುವ ಕುಂಡವೇ ಲೇಸು. ಹತ್ತಂಗುಲದ ಮಣ್ಣಿನ ಕುಂಡ ಒಂದು ಬುಡಕ್ಕೆ ಸಾಕು. ತಳದ ತೂತಿನ ಮೇಲೆ ಒಡೆದ ಹಂಚಿನ ಚೂರುಗಳನ್ನು ಬೋರಲಾಗಿಟ್ಟು, ಎರಡಂಗುಲ ದಪ್ಪಕ್ಕೆ ಮುರಕಲ್ಲಿನ ಚೂರುಗಳನ್ನು ಹರಡಬೇಕು. ಮೇಲೆ ತುಂಬುವ ಮಣ್ಣಿಗೆ ಈ ಪ್ರಮಾಣ ಒಪ್ಪುತ್ತದೆ: ಕೆಂಪುಮಣ್ಣು ಎರಡು ಪಾಲು, ಹೊಳೆಯ ಹೊಯಿಗೆ ಒಂದು ಪಾಲು, ಚೆನ್ನಾಗಿ ಹಳತಾದ ಹಟ್ಟಿಗೊಬ್ಬರ ಒಂದು ಪಾಲು. ಸುಡುಮಣ್ಣು ದೊರೆತರೆ ಒಂದೆರಡು ಹಿಡಿ ಸೇರಿಸಬಹುದು. ಕಡಲ ದಂಡೆಯ ಮರಳನ್ನು ಉಪ್ಪು ತೊಳೆಯದೆ ಬಳಸುವುದು ಸಲ್ಲದು.

ಅತಿಮಳೆಗೆ ತೊಳೆದುಹೋದ ಮುರಕಲ್ಲು ಮಣ್ಣು ಸ್ವಭಾವತಃ ಹುಳಿ. ಆಸ್ಟರಿಗೆ ಅಷ್ಟು ಹುಳಿ ಹಿಡಿಸದು. ಕುಂಡಕ್ಕೆ ಒಂದು ಚಮಚೆಯಷ್ಟು ಚಿಪ್ಪಿನ ಸುಣ್ಣವನ್ನು ನೆಡುವುದಕ್ಕೆ ಎರಡು ವಾರ ಮೊದಲೇ ಮಣ್ಣಿಗೆ ಬೆರೆಸಿಟ್ಟರೆ ಹುಳಿ ತಗ್ಗುತ್ತದೆ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಕೂಡಿಸಬಾರದು. ಗೊಬ್ಬರದ ಸಾರ ಹಾರಿಹೋಗುತ್ತದೆ.

ಆಸ್ಟರ್ ನೀರನ್ನು ದ್ವೇಷಿಸುವ ಗಿಡವೇನೂ ಅಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ನೊವಿ-ಬೆಲ್ಜಿಯ ತವರು ಅಟ್ಲಾಂಟಿಕ್ ತೀರದ ತೇವದ ನೆಲ. ಉಪ್ಪುನೀರಿನ ಜವುಗಿನ ಅಂಚಿನಲ್ಲಿಯೂ ಅದು ಬೆಳೆಯುತ್ತದೆ. ಆದುದರಿಂದ ಉಳ್ಳಾಲದ ಕಡಲಗಾಳಿಗೆ ಅದು ಬೆದರುವುದಿಲ್ಲ. ಅದರ ಮಣ್ಣು ಬಿರುಕು ಬಿಡುವಷ್ಟು ಒಣಗಿದರೂ ಎಲೆ ಸುಕ್ಕಾಗುತ್ತದೆ. ಅದಕ್ಕೆ ಆಗದಿರುವುದು ಸೆಕೆಯೂ ನಿಂತ ನೀರೂ ಜತೆಗೂಡುವುದು. ತವರಿನಲ್ಲಿ ನೀರಿನೊಡನೆ ತಂಪಿತ್ತು. ಇಲ್ಲಿ ನೀರಿನೊಡನೆ ಬಿಸಿಯಿದೆ. ಬೇರುಕೊಳೆಯ ಬೂಷ್ಟಿಗೆ ಇದಕ್ಕಿಂತ ಹಿತವಾದ ಸ್ಥಿತಿ ಬೇರಿಲ್ಲ.

ವರ್ಷದ ಕ್ರಮ

ತುಳುನಾಡಿನ ಪಂಚಾಂಗವೇ ಈ ಗಿಡಕ್ಕೂ ಒಳ್ಳೆಯ ದಿನಚರಿಯಾಗಬಲ್ಲುದು. ಬೇಷ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಪತ್ತನಾಜೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ದಿನ ಅದು. ಆ ದಿನವೇ ಆಸ್ಟರಿನ ಕುಂಡಗಳೂ ಅಂಗಳವನ್ನು ಬಿಟ್ಟು ಮಾಡಿನ ಕೆಳಗೆ ಬರತಕ್ಕದ್ದು. ಮೊದಲ ಮಳೆ ಬಿದ್ದ ಮೇಲೆ ನೋಡೋಣವೆಂದು ಕಾದವರು ಹಲವು ಬಾರಿ ಕುಂಡವನ್ನಲ್ಲ, ಕೆಸರನ್ನು ಎತ್ತಿ ತರಬೇಕಾಗುತ್ತದೆ.

ಜೂನಿನಿಂದ ಆಗಸ್ಟಿನವರೆಗೆ ಗಿಡವು ಬೆಳೆಯಬೇಕೆಂಬ ಆಸೆಯನ್ನು ಬಿಟ್ಟು, ಬದುಕಿರಲಿ ಎಂಬಷ್ಟೇ ಹಾರೈಕೆ ಸಾಕು. ಇರಿಸುವ ಜಾಗದಲ್ಲಿ ಬೆಳಕು ಬೇಕು, ಗಾಳಿ ಆಡಬೇಕು, ಹಂಚಿನಿಂದ ಇಳಿಯುವ ನೀರಿನ ಎರಚಲು ಬೀಳಬಾರದು. ಕುಂಡವು ನೆಲಕ್ಕೆ ತಾಗದಂತೆ ಎರಡು ಇಟ್ಟಿಗೆಗಳ ಮೇಲಿರಬೇಕು. ಗೊಬ್ಬರ ಹಾಕಬಾರದು. ಮಣ್ಣಿನ ಮೇಲ್ಪದರ ಒಣಗಿ ಬಣ್ಣ ತಿಳಿಯಾದಾಗ ಮಾತ್ರ ಒಂದು ಲೋಟ ನೀರು. ಹಳದಿಯಾದ ಎಲೆಯನ್ನು ಕಂಡಕೂಡಲೆ ಕಿತ್ತುಬಿಡಬೇಕು. ಆಟಿಯ ಕತ್ತಲಲ್ಲಿ ಬಸವನಹುಳುಗಳು ಹೊರಡುತ್ತವೆ. ಆಫ್ರಿಕದಿಂದ ಬಂದು ನೆಲೆಸಿದ ದೊಡ್ಡ ಜಾತಿಯದು ಒಂದೇ ಇರುಳಿನಲ್ಲಿ ಒಂದು ಕುಂಡದ ಚಿಗುರನ್ನೆಲ್ಲ ಮುಗಿಸಬಲ್ಲುದು. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಆರಿಸಿ ತೆಗೆಯುವುದಕ್ಕಿಂತ ಉತ್ತಮವಾದ ಮದ್ದು ಇಲ್ಲ.

ಸೋಣದ ಕೊನೆಗೆ, ಸೆಪ್ಟೆಂಬರಿನ ಮಧ್ಯದಲ್ಲಿ, ಬಿಸಿಲು ಇಣುಕಿದಾಗ ಬುಡವನ್ನು ಒಡೆಯುವ ಕಾಲ. ಇದರ ವಿವರ ಮುಂದಿದೆ. ಒಡೆದು ನೆಟ್ಟ ಮರಿಗಳಿಗೆ ಮೊದಲ ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು. ಬೇರೂರಿದುದು ಖಚಿತವಾದ ಬಳಿಕ ದೀಪದ ಉಪಚಾರ. ಮರಿ ಆರಂಗುಲವಾದಾಗ ತುದಿಯ ಚಿಗುರನ್ನು ಉಗುರಿನಿಂದ ಚಿವುಟಬೇಕು. ಪಕ್ಕದಿಂದ ನಾಲ್ಕಾರು ಕವಲು ಒಡೆಯುತ್ತವೆ. ಮೂರು ವಾರಗಳ ಮೇಲೆ ಇನ್ನೊಮ್ಮೆ ಚಿವುಟಬಹುದು. ದೀಪ ನಿಲ್ಲಿಸಿದ ಮೇಲೆ ಮಾತ್ರ ಚಿವುಟಬಾರದು, ಹೋಗುವುದು ಮೊಗ್ಗೇ. ಅಕ್ಟೋಬರಿನ ಸಂಜೆಗಳಲ್ಲಿ ಗುಡುಗಿನೊಡನೆ ಬರುವ ಮಳೆಗೆ ಕಾಂಡ ಮುರಿಯದಂತೆ ತೆಂಗಿನ ಗರಿಯ ಕಡ್ಡಿಗಳನ್ನು ಊರಿ, ಬಾಳೆಯ ನಾರಿನಿಂದ ಸಡಿಲವಾಗಿ ಕಟ್ಟಬೇಕು. ಹದಿನೈದು ದಿನಗಳಿಗೊಮ್ಮೆ ನೆಲಗಡಲೆ ಹಿಂಡಿಯನ್ನು ನೀರಿನಲ್ಲಿ ಕೊಳೆಹಾಕಿ, ತಿಳಿ ಮಾಡಿ ಎರೆದರೆ ಒಳ್ಳೆಯ ಆಹಾರ.

ನವೆಂಬರಿನ ನಡುವಿಗೆ ದೀಪ ನಿಲ್ಲಿಸಿದರೆ ಡಿಸೆಂಬರಿನ ಕೊನೆಗೆ, ಜನವರಿಯ ಮೊದಲಿಗೆ ಹೂ. ಆಂಗ್ಲ ದೇಶದ ಶರತ್ಕಾಲದ ಹೂವು ತೊಕ್ಕೊಟ್ಟಿನಲ್ಲಿ ಹೇಮಂತದ ಹೂವಾಗುತ್ತದೆ. ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಆ ತಿಂಗಳುಗಳಲ್ಲಿಯೇ ಇಲ್ಲಿಯ ಇರುಳು ತುಸು ತಂಪು, ಆಕಾಶ ತಿಳಿ. ಕ್ರಿಸ್ಮಸ್ಸಿನ ಗೋದಲಿಗೂ ಸಂಕ್ರಾಂತಿಯ ಪೂಜೆಗೂ ಹೂವೊದಗುತ್ತದೆ. ಗಣರಾಜ್ಯೋತ್ಸವದ ಸುಮಾರಿಗೆ ಕದ್ರಿ ಉದ್ಯಾನದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದೂ ಈ ತಂಪಿನ ಕಾಲದಲ್ಲಿಯೇ. ಕೊಯ್ಯುವವರು ಮುಂಜಾನೆ, ಅರ್ಧದಷ್ಟು ಹೂಗಳು ಬಿರಿದಿರುವ ಕಡ್ಡಿಯನ್ನು ಕೊಯ್ದು ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿದರೆ ವಾರದ ತನಕ ಬಾಡದೆ ಉಳಿಯುತ್ತದೆ.

ಹೂ ಮುಗಿದ ಮೇಲೆ, ಫೆಬ್ರವರಿಯಲ್ಲಿ, ಕಾಂಡವನ್ನು ಎರಡಂಗುಲ ಬಿಟ್ಟು ಕತ್ತರಿಸಬೇಕು. ಮಾರ್ಚಿನಿಂದ ಮೇ ತನಕ ಮಾವಿನ ಮರದ ಅಡಿಯ ಚೆದುರಿದ ನೆರಳು, ಬುಡಕ್ಕೆ ತರಗೆಲೆಯ ಹೊದಿಕೆ, ಬೆಳಗಿನ ಹೊತ್ತು ನೀರು. ಹೀಗೆ ಪತ್ತನಾಜೆಯವರೆಗೆ.

ರೋಗ ಮತ್ತು ಮದ್ದು

ಈ ಗಿಡದ ಶತ್ರುಗಳಲ್ಲಿ ಎರಡು ಮುಖ್ಯ. ಮೊದಲನೆಯದು ಬೇರುಕೊಳೆ. ಗಿಡ ನೀರಿದ್ದರೂ ಬಾಡಿ ನಿಂತರೆ, ಬುಡ ಕಪ್ಪಾಗಿ ಮೆತ್ತಗಾದರೆ, ಆ ಕುಂಡದ ಮಣ್ಣನ್ನು ಇನ್ನೊಂದಕ್ಕೆ ಬಳಸದೆ ದೂರ ಎಸೆಯಬೇಕು. ಉಳಿದವುಗಳ ರಕ್ಷಣೆಗೆ ಅಡಕೆ ಬೆಳೆಗಾರರ ಮನೆಗಳಲ್ಲಿ ಎಲ್ಲರೂ ಬಲ್ಲ ಬೋರ್ಡೋ ದ್ರಾವಣವೇ ಸಾಕು. 1908ರಲ್ಲಿ ಮೈಸೂರು ಸರಕಾರದ ಸೇವೆಗೆ ಬಂದ ಕೆನಡದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಅಭ್ಯಸಿಸಿ, ಈ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದರು. ಮನೆಯ ಕುಂಡಗಳಿಗೆ ಒಂದು ಲೀಟರಿನಷ್ಟು ಸಾಕಾಗುತ್ತದೆ. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳಪಿನ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು. ಮಾಡಿದ ದಿನವೇ ಬಳಸಬೇಕು; ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಹೊಳವಾದಾಗ ಒಮ್ಮೆ ಸಿಂಪಡಿಸಿದರೆ ಸಾಕು.

ಎರಡನೆಯ ಶತ್ರು ಬೂದಿರೋಗ. ಇದು ಮಳೆಯ ರೋಗವಲ್ಲ. ಹಗಲು ಒಣ ಹವೆ, ಇರುಳು ಇಬ್ಬನಿ ಇರುವ ಡಿಸೆಂಬರಿನಲ್ಲಿ ಎಲೆಗಳ ಮೇಲೆ ವಿಭೂತಿ ಬಳಿದಂತೆ ಕಾಣಿಸುತ್ತದೆ. ನೊವಿ-ಬೆಲ್ಜಿಗೆ ಇದರ ಬಾಧೆ ಇತರ ಜಾತಿಗಳಿಗಿಂತ ಹೆಚ್ಚು. ಕುಂಡಗಳನ್ನು ಒತ್ತೊತ್ತಾಗಿ ಇಡದಿರುವುದು, ಕೆಳಗಿನ ಎಲೆಗಳನ್ನು ತೆಗೆದು ಗಾಳಿ ಆಡಗೊಡುವುದು, ಮಣ್ಣು ಒಣಗದಂತೆ ನೋಡುವುದು, ಇವು ಮೊದಲ ಉಪಾಯಗಳು. ಹೆಚ್ಚಾದರೆ ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯನ್ನು ಲೀಟರಿಗೆ 2 ಗ್ರಾಮಿನಂತೆ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಬಹುದು. ಉರಿಬಿಸಿಲಿನಲ್ಲಿ ಗಂಧಕ ಎಲೆಯನ್ನು ಸುಡುತ್ತದೆ.

ಬುಡ ಒಡೆಯುವುದು

ಬಹುವಾರ್ಷಿಕ ಆಸ್ಟರಿನ ಗುಟ್ಟೆಲ್ಲ ಈ ಒಂದು ಕಾರ್ಯದಲ್ಲಿ ಅಡಗಿದೆ. ಒಂದು ಬುಡವನ್ನು ಎರಡು ಮೂರು ವರ್ಷ ಹಾಗೆಯೇ ಬಿಟ್ಟರೆ ಅದರ ನಡುಭಾಗ ಕಟ್ಟಿಗೆಯಂತಾಗಿ ಸತ್ತುಹೋಗುತ್ತದೆ. ಜೀವವೆಲ್ಲ ಅಂಚಿಗೆ ಸರಿಯುತ್ತದೆ. ತಂಪು ದೇಶಗಳಲ್ಲಿ ಆದುದರಿಂದಲೇ ಎರಡು ಮೂರು ವರ್ಷಗಳಿಗೊಮ್ಮೆ ಬುಡ ಒಡೆಯುತ್ತಾರೆ. ಕರಾವಳಿಯಲ್ಲಿ ಇದನ್ನು ವರ್ಷಕ್ಕೊಮ್ಮೆ ಮಾಡುವುದು ಒಳ್ಳೆಯದು.

ಕುಂಡವನ್ನು ಬೋರಲು ಹಾಕಿ ಮಣ್ಣಿನ ಹೆಂಟೆಯನ್ನು ಇಡಿಯಾಗಿ ಹೊರತೆಗೆಯಬೇಕು. ಸುತ್ತಲೂ ಎದ್ದಿರುವ ಎಳೆಯ ಮರಿಗಳನ್ನು, ಬಿಳಿಯ ಹೊಸ ಬೇರು ಸಹಿತವಾಗಿ, ಕೈಯಿಂದ ಬಿಡಿಸಬೇಕು. ಬಾರದಿದ್ದರೆ ತೊಳೆದ ಚೂರಿಯಿಂದ ಕೊಯ್ಯಬಹುದು. ನಡುವಿನ ಹಳೆಯ ಕೊರಡನ್ನು ಎಸೆದುಬಿಡಬೇಕು. ಹೊಸಬರಿಗೆ ಕಷ್ಟವಾಗುವುದು ಇದೇ. ಹೂ ಬಿಟ್ಟ ಗಿಡ ಅದು, ದಪ್ಪವಾಗಿದೆ, ಗಟ್ಟಿಯಾಗಿ ಕಾಣುತ್ತದೆ. ಅದನ್ನು ಎಸೆದು ಬೆರಳುದ್ದದ ಮರಿಯನ್ನು ಇಟ್ಟುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಆದರೆ ಹಳೆಯದನ್ನೇ ಮತ್ತೆ ನೆಟ್ಟವರಿಗೆ ಸೊಪ್ಪು ಸಿಗುತ್ತದೆ, ಹೂ ಸಿಗುವುದು ವಿರಳ. ಒಂದು ಕುಂಡಕ್ಕೆ ಮೂರು ಮರಿಗಳಂತೆ, ಹೊಸ ಮಣ್ಣಿನಲ್ಲಿ, ಹಿಂದೆ ಇದ್ದಷ್ಟೇ ಆಳಕ್ಕೆ ನೆಡಬೇಕು.

ಚೆನ್ನಾಗಿ ಬೆಳೆದ ಒಂದು ಬುಡದಿಂದ ಒಂದು ಮನೆಗೆ ಬೇಕಾದುದಕ್ಕಿಂತ ಹೆಚ್ಚೇ ಮರಿಗಳು ದೊರೆಯುತ್ತವೆ. ಮಿಕ್ಕುದನ್ನು ಹಂಚುವುದು ಔದಾರ್ಯ ಮಾತ್ರವಲ್ಲ, ಜಾಣತನವೂ ಹೌದು. ಒಂದು ಮನೆಯ ಎಲ್ಲ ಕುಂಡಗಳೂ ಒಂದು ಕೆಟ್ಟ ಮಳೆಗಾಲದಲ್ಲಿ ಕೊಳೆತುಹೋಗಬಹುದು. ಗುಡ್ಡದ ಮೇಲಿನ ಮನೆಯಲ್ಲೊಂದು, ಕಡಲ ಬದಿಯ ಮನೆಯಲ್ಲೊಂದು, ನೇತ್ರಾವತಿಯ ಆಚೆಯ ಬಂಧುಗಳಲ್ಲೊಂದು ಮರಿಯಿದ್ದರೆ ಎಲ್ಲೆಡೆಯೂ ಏಕಕಾಲಕ್ಕೆ ಅಳಿಯುವ ಭಯವಿಲ್ಲ. ಕಳೆದುಕೊಂಡವರು ಕೊಟ್ಟವರಲ್ಲಿಗೇ ಹೋಗಿ, ಒಮ್ಮೆ ಕೊಟ್ಟುದನ್ನು ಮತ್ತೆ ಕೇಳಿ ತರಬಹುದು. ಮಲೆನಾಡಿನ ಡೇರೆ ಉಳಿದುಬಂದುದು ಹೀಗೆಯೇ.

ಹಾಗಾದರೆ ಕೈಗುಣವೆಂಬುದು ಸುಳ್ಳೇ? ಸುಳ್ಳಲ್ಲ, ಆದರೆ ಅದು ಹುಟ್ಟಿನಿಂದ ಬರುವ ವರವೂ ಅಲ್ಲ. ಬೀಜದ ಪೊಟ್ಟಣದಲ್ಲಿರುವುದು ಯಾವ ಆಸ್ಟರ್ ಎಂದು ಕೇಳಿ ತಿಳಿಯುವುದು, ಪತ್ತನಾಜೆಗೆ ಕುಂಡವನ್ನು ಒಳಗಿಡುವುದು, ಕಾಂಡವೆದ್ದ ಮೇಲೆ ದೀಪವನ್ನು ನೆನಪಿನಿಂದ ಆರಿಸುವುದು, ಸೋಣ ಮುಗಿಯುವಾಗ ಹಳೆಯ ಬುಡವನ್ನು ಎಸೆದು ಮರಿಯನ್ನು ನೆಡುವುದು: ಈ ನಾಲ್ಕನ್ನು ಒಂದು ವರ್ಷ ತಪ್ಪದೆ ಮಾಡಿದ ಯಾವ ಕೈಗೂ ಆ ಗುಣ ಬರುತ್ತದೆ. ಹಿಂದಿನ ವರ್ಷ ಗಿಡ ಸತ್ತಿತೆಂದು ಮೂದಲಿಕೆಗೆ ಒಳಗಾದ ಕೈಗೂ ಬರುತ್ತದೆ. ಆ ಕೈಗೆ ಬರುವ ಸೆಪ್ಟೆಂಬರಿನಲ್ಲಿ ಯಾರಾದರೂ ಬೇರುಳ್ಳ ಒಂದು ಮರಿಯನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟರೆ ಸಾಕು.